ಎಡಹುಬ್ಬಿನ ಹೆಸರು

ಸೇಡಂ ಸಮಾವೇಶದಲ್ಲಿ ನನಗೆ ಕೊಟ್ಟಿದ್ದು ಹದಿನೈದು ನಿಮಿಷ. ಅದಕ್ಕಾಗಿ ನಾನು ಹದಿನೈದು ದಿನ ತಯಾರಿ ಮಾಡಿದ್ದೆ. ಸನ್ನೆ ಭಾಷೆಯ ದುಭಾಷಿಗಳ ಸಮಾವೇಶ ನಮ್ಮ ಕಡೆ ನಡೆಯುವುದೇ ಅಪರೂಪ, ಅದರಲ್ಲೂ ನಮ್ಮ ಕಡೆಯವರನ್ನೇ ವೇದಿಕೆಗೆ ಕರೆಯುವುದು ಇನ್ನೂ ಅಪರೂಪ. ವಾಡಿಯ ನನ್ನ ಮನೆಯಲ್ಲಿ ರೊಟ್ಟಿ ಬಡಿಯುತ್ತ, ಬಟ್ಟೆ ಒಣಹಾಕುತ್ತ ಪ್ರಬಂಧವನ್ನು ಬಾಯಿಪಾಠ ಮಾಡಿದೆ. ಬಾಯಿಂದ ಹೇಳಿ ಹೇಳಿ ಕಲಿತೆ; ಕೈಯಿಂದ ಒಮ್ಮೆಯೂ ಹೇಳಿ ನೋಡಲಿಲ್ಲ. ಇಷ್ಟು ವರ್ಷ ಈ ಕೆಲಸ ಮಾಡಿದವಳು ಮಾಡಬಾರದ ತಪ್ಪು ಅದು.

ನನ್ನ ಅಪ್ಪ, ಅವ್ವ ಇಬ್ಬರೂ ಕಿವುಡರು. ನನಗೆ ಕಿವಿ ಕೇಳುತ್ತದೆ, ಆದರೆ ಕನ್ನಡಕ್ಕಿಂತ ಮೊದಲು ಬಂದದ್ದು ಕೈಮಾತು. ಆಸ್ಪತ್ರೆ, ಪೊಲೀಸ್ ಠಾಣೆ, ಕೋರ್ಟು, ಎಲ್ಲಿ ಕರೆದರೂ ಹೋಗಿ ಕಿವುಡರ ಮಾತನ್ನು ಕೇಳುವವರಿಗೂ, ಕೇಳುವವರ ಮಾತನ್ನು ಕಿವುಡರಿಗೂ ದಾಟಿಸುವುದು ನನ್ನ ಉದ್ಯೋಗ. ನನ್ನ ಕೈಯ ಬಗ್ಗೆ ನನಗೆ ಸೊಕ್ಕಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಕಿವುಡರಲ್ಲಿ ಕಾಗದದ ಮೇಲಿನ ಹೆಸರು ಬೇರೆ, ಕೈಹೆಸರು ಬೇರೆ. ವಾಡಿ ಜಂಕ್ಷನ್ನಿನ ಮೇಲ್ಸೇತುವೆಯ ಕೆಳಗೆ ಭಾನುವಾರ ಮುಂಜಾನೆ ಸುತ್ತಲಿನ ಕಿವುಡರೆಲ್ಲ ಸೇರುತ್ತಾರೆ. ಶಹಾಬಾದ, ಚಿತ್ತಾಪುರದವರು ಸದಾ ಇರುತ್ತಾರೆ, ಚಿಂಚೋಳಿ ಕಡೆಯವರು ಆಗೊಮ್ಮೆ ಈಗೊಮ್ಮೆ. ಹೊಸಬರು ಬಂದರೆ ಅಲ್ಲಿಯ ಹಿರಿಯರೊಬ್ಬರು ಅವರನ್ನು ಒಂದೆರಡು ವಾರ ಸುಮ್ಮನೆ ನೋಡಿ ಒಂದು ಹೆಸರು ಕೊಡುತ್ತಾರೆ. ಅವರು ಶಹಾಬಾದಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು, ಹುಟ್ಟಾ ಕಿವುಡರು. ನಾನು ಅವರನ್ನು ಕಾಕಾ ಅನ್ನುತ್ತೇನೆ. ನನಗೆ ಅವರು ಕೊಟ್ಟ ಹೆಸರು ಮಣಿಕಟ್ಟಿನ ಮೇಲೆ ಬೆರಳಿಂದ ಎರಡು ಬಡಿತ: ಗಡಿಯಾರ ನೋಡಿ ನೋಡಿ ಓಡುವವಳು. ಅವರ ಕಣ್ಣು ಎಂದೂ ಸುಳ್ಳಾದದ್ದಿಲ್ಲ.

ಇನ್ನು ನಾನು ಹೇಳಬೇಕಾದ ಹೆಣ್ಣುಮಗಳ ಹೆಸರು. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಪಾಲಿಶ್ ಅಂಗಳದಲ್ಲಿ ಕೆಲಸ ಮಾಡುವಾಗ ಚೂರು ಸಿಡಿದು ಅವಳ ಎಡಹುಬ್ಬು ಎರಡಾಗಿ ಸೀಳಿತ್ತು. ತೋರುಬೆರಳನ್ನು ಎಡಹುಬ್ಬಿನ ಮೇಲೆ ಒಮ್ಮೆ ಅಡ್ಡ ಗೀರಿದರೆ, ಅದು ಅವಳು. ಅವಳ ಊರನ್ನು ಇಲ್ಲಿ ರಾವೂರ ಎಂದು ಬರೆಯುತ್ತೇನೆ. ಗಂಡನೂ ಕಿವುಡ, ಅದೇ ಅಂಗಳದಲ್ಲಿ ಕಲ್ಲು ಹೊರುವವನು. ಅವರ ಕೈಮಾತನ್ನೆಲ್ಲ ನಮ್ಮ ಕಡೆಯ ಬಾಯಿಮಾತಿನಲ್ಲಿಯೇ ಬರೆಯುತ್ತೇನೆ, ಯಾಕೆಂದರೆ ನನ್ನ ಕಿವಿಗೆ ಅದು ಹಾಗೆಯೇ ಕೇಳಿಸುತ್ತದೆ.

ಸಮಾವೇಶಕ್ಕೆ ಎರಡು ವರ್ಷ ಮೊದಲು ಅವಳು ಒಂದು ಆಸ್ಪತ್ರೆಗೆ ನನ್ನನ್ನು ಕರೆಸಿಕೊಂಡಿದ್ದಳು. ಮದುವೆಯಾಗಿ ನಾಲ್ಕು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅವಳ ಅತ್ತೆ ತಮ್ಮ ಮಗನಿಗೆ ಎರಡನೆಯ ಮದುವೆಯ ಮಾತೆತ್ತಿದ್ದರು. ಗಂಡ ಹೊರಗೆ ಬೆಂಚಿನ ಮೇಲಿದ್ದ, ನಾವು ಒಳಗೆ. ಡಾಕ್ಟರಮ್ಮ ರಿಪೋರ್ಟು ನೋಡಿ ಕನ್ನಡಕ ತೆಗೆದರು.

“ಕೇಳ್ರಿ ಆಕಿಗೆ. ಮಕ್ಕಳಾಗದ ಹಂಗ ಆಪರೇಷನ್ ಮಾಡಿಸ್ಕೊಂಡು, ಈಗ ಮಕ್ಕಳು ಬೇಕಂತ ಯಾಕ ಬಂದಾಳ?”

ಅಂದದ್ದನ್ನು ಅಂದ ಹಾಗೆ ದಾಟಿಸುವುದು ನಮ್ಮ ನಿಯಮ. ದಾಟಿಸಿದೆ. ಅವಳು ನಕ್ಕಳು. ಸೀರೆಯ ಸೆರಗು ಸರಿಸಿ ಹೊಕ್ಕುಳ ಕೆಳಗಿನ ಚಿಕ್ಕ ಗಾಯದ ಗುರುತು ತೋರಿಸಿ, “ಇದಾ? ಇದು ಹೊಟ್ಟಿನೋವಿಂದು. ಹದಿನೇಳು ವರ್ಷದಾಕಿ ಇದ್ದಾಗ ಚಿಗವ್ವ ಕರ್ಕೊಂಡು ಹೋಗಿ ಮಾಡ್ಸಿದ್ಲು” ಅಂದಳು.

ಹೊಟ್ಟೆನೋವಿನ ಹೆಸರಿನಲ್ಲಿ ತನಗೆ ಏನು ಮಾಡಿಸಿದ್ದರೆಂದು ಅವಳಿಗೆ ತಿಳಿದೇ ಇಲ್ಲ ಎಂದು ನನಗೆ ಆಗ ಹೊಳೆಯಿತು. ಡಾಕ್ಟರಿಗೆ ಹೇಳಿ ಸಮಯ ಕೇಳಿಕೊಂಡೆ. ರಿಪೋರ್ಟಿನ ಲಕೋಟೆಯ ಹಿಂಬದಿಗೆ ಚಿತ್ರ ಬರೆದೆ: ನಡುವೆ ಚೀಲ, ಎರಡು ಕಡೆ ಎರಡು ನಳಿಕೆ. ಎರಡು ತೋರುಬೆರಳುಗಳನ್ನು ನಳಿಕೆಗಳಂತೆ ಹಿಡಿದು, ದಾರ ಕಟ್ಟುವುದನ್ನು, ಕತ್ತರಿಸುವುದನ್ನು ಗಾಳಿಯಲ್ಲಿ ತೋರಿಸಿದೆ. ಅರ್ಥವಾಯಿತೋ ಇಲ್ಲವೋ ತಿಳಿಯಲು ಅದನ್ನೇ ತಿರುಗಿ ಹೇಳು ಅಂದೆ. ಅವಳು ನಿಧಾನವಾಗಿ ತನ್ನ ಎರಡು ಬೆರಳು ಎತ್ತಿದಳು, ದಾರ ಕಟ್ಟಿದಳು, ಕತ್ತರಿಸುವ ಹೊತ್ತಿಗೆ ಕೈ ನಿಂತುಬಿಟ್ಟಿತು. ಆ ಅರ್ಧದಲ್ಲಿ ನಿಂತ ಕೈ ನನ್ನ ಕಣ್ಣಿಂದ ಇವತ್ತಿಗೂ ಹೋಗಿಲ್ಲ.

ಮತ್ತೆ ಜೋಡಿಸುವುದು ಈಗ ಭಾಳ ಕಷ್ಟ ಎಂದು ಡಾಕ್ಟರಮ್ಮ ಹೇಳಿದರು. ಅವಳು ನನ್ನ ಕಡೆ ತಿರುಗಿದಳು. “ಮದಿವಿಗಿಂತ ಮದ್ಲೇ ಗೊತ್ತಿತ್ತು, ಮುಚ್ಚಿಟ್ಟು ಮಾಡ್ಕೊಂಡ್ಲು ಅಂತಾನ ಅಂವ. ನಂಬಂಗಿಲ್ಲ ನನ್ನ. ನೀ ಯಾರಿಗೂ ಹೇಳಬ್ಯಾಡಕ್ಕಾ.”

ಹೊರಗೆ ಬಂದಾಗ ಗಂಡ ನನ್ನನ್ನೇ ನೇರ ಕೇಳಿದ, ಡಾಕ್ಟರ್ ಏನಂದರು? “ನಿನ್ನ ಹೇಣ್ತಿನ್ನೇ ಕೇಳಪಾ” ಅಂದೆ. ಅದೂ ನಿಯಮವೇ. ಅವಳು ಔಷಧಿ, ಶಕ್ತಿ, ಇನ್ನೂ ಟೈಮು ಅಂತ ಏನೋ ಹೇಳಿದಳು. ಈ ಒಂದು ಗುಟ್ಟಿನ ಮೇಲೆ ಅವಳ ಸಂಸಾರ ನಿಂತಿತ್ತು, ನಮ್ಮ ಕಿವುಡರ ಬಳಗದಲ್ಲಿ ಅದು ಅವಳನ್ನು ಬಿಟ್ಟರೆ ನನಗೊಬ್ಬಳಿಗೇ ಗೊತ್ತಿತ್ತು.

ಇದನ್ನೇ ನಾನು ಸೇಡಂನಲ್ಲಿ ಹೇಳಲು ಹೊರಟಿದ್ದೆ, ಹೆಸರಿಲ್ಲದೆ. ಶಬ್ದವಿಲ್ಲದ ಕಡೆ ಅರ್ಥವನ್ನು ಹೇಗೆ ದಾಟಿಸಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಬಳಿ ಇರಲಿಲ್ಲ. ಊರು ಬದಲಿಸಿ ಚಿಂಚೋಳಿ ಕಡೆಯವಳು ಮಾಡಿದೆ, ಕಲ್ಲಿನ ಕೆಲಸ ಬಿಟ್ಟು ಹೊಲದ ಕೂಲಿ ಮಾಡಿದೆ, ವಯಸ್ಸು ಹೆಚ್ಚಿಸಿದೆ. ಅವಳನ್ನು ಒಂದು ಮಾತು ಕೇಳಬೇಕು ಎಂದು ನನಗೆ ಅನ್ನಿಸಲೇ ಇಲ್ಲ. ಹೆಸರು ಮುಚ್ಚಿದರೆ ಸಾಕು ಎಂದುಕೊಂಡಿದ್ದೆ.

ಸಮಾವೇಶ ಒಂದು ಕಲ್ಯಾಣ ಮಂಟಪದಲ್ಲಿತ್ತು. ಬಾಗಿಲಲ್ಲಿ ಹೆಸರು ಬರೆಸಿ, ಚೀಲ, ಪೆನ್ನು, ಕೊರಳಿಗೆ ಬಿಲ್ಲೆ. ಸೂಸಲಾ, ಮಿರ್ಚಿಯ ನಾಷ್ಟಾ. ನಾನು ಎಂದಿನಂತೆ ಕಪ್ಪು ಕುಪ್ಪಸ, ಒಂದೇ ಬಣ್ಣದ ಸೀರೆ ಉಟ್ಟಿದ್ದೆ, ಕೈ ಎದ್ದು ಕಾಣಲಿ ಎಂದು ನಾವೆಲ್ಲ ಹಾಗೇ ಉಡುತ್ತೇವೆ. ಸಭೆ ಶುರುವಾಗುವ ಮೊದಲು ಸಂಘಟಕರು ನಮ್ಮನ್ನು ಒಂದು ಮೂಲೆಗೆ ಕರೆದರು.

“ಈ ಸಲ ಕಿವುಡರೂ ಭಾಳ ಮಂದಿ ಬಂದಾರ್ರಿ. ಅವರ ಮುಂದ ನಾವು ಬಾಯಿಲೆ ಮಾತಾಡೋದು ಚಂದ ಕಾಣಂಗಿಲ್ಲ. ಎಲ್ಲಾರೂ ಸನ್ನಿಯೊಳಗೇ ಹೇಳ್ರಿ. ಮೈಕಿನ್ಯಾಗ ಒಬ್ಬರು ಕನ್ನಡ ಹೇಳ್ತಾರ.”

ಕೆಲವರು ಗೊಣಗಿದರು. ನಾನು ಗೊಣಗಲಿಲ್ಲ, ನನಗದು ಹಬ್ಬವೇ. ಬರೆದು ತಂದಿದ್ದ ಕಾಗದ ಮಡಚಿ ಚೀಲಕ್ಕೆ ಹಾಕಿದೆ. ಮೈಕು ಹಿಡಿಯುವವನು ಕಲಬುರಗಿಯ ಒಬ್ಬ ಸಹೋದ್ಯೋಗಿ, ಹಳೆಯ ಪರಿಚಯ. ವೇದಿಕೆಯ ಕೆಳಗೆ ನನಗೆ ಎದುರಾಗಿ ಕುಳಿತ. ಮುಂದಿನ ಮೂರು ಸಾಲು ಕಿವುಡರದು. ಮೊದಲ ಸಾಲಿನಲ್ಲಿ ಕಾಕಾ ಇದ್ದರು, ಶಾಲು ಹೊದ್ದುಕೊಂಡು. ಎರಡನೆಯ ಸಾಲಿನಲ್ಲಿ ಚಿತ್ತಾಪುರದ ಒಬ್ಬ ದರ್ಜಿ. ಆ ಎಡಹುಬ್ಬಿನವಳ ಗಂಡನ ಜೊತೆಗೆ ಕಿವುಡರ ಶಾಲೆಯಲ್ಲಿ ಓದಿದವನು, ಜೀವದ ಗೆಳೆಯ. ಅವನನ್ನು ನೋಡಿಯೂ ನನಗೆ ಏನೂ ಅನ್ನಿಸಲಿಲ್ಲ.

ಮೊದಲ ಐದು ನಿಮಿಷ ಚೆನ್ನಾಗಿ ಹೋಯಿತು. ಆಸ್ಪತ್ರೆಯ ಕೋಣೆಗೆ ಬಂದೆ. ಬಾಯಿಂದ ಹೇಳುವಾಗ ‘ಒಬ್ಬ ಹೆಣ್ಣುಮಗಳು’ ಅಂದರೆ ಮುಗಿಯಿತು. ಸನ್ನೆಯಲ್ಲಿ ಹಾಗಲ್ಲ. ಮನುಷ್ಯರನ್ನು ಗಾಳಿಯಲ್ಲಿ ಅವರವರ ಜಾಗದಲ್ಲಿ ಕೂರಿಸಬೇಕು, ಇಲ್ಲಿ ಡಾಕ್ಟರು, ಅಲ್ಲಿ ಆಕೆ, ಹೊರಗೆ ಬೆಂಚಿನ ಮೇಲೆ ಗಂಡ. ಅವರ ಕಡೆ ತಿರುಗಿ, ಅವರ ಮುಖವನ್ನೇ ಹಾಕಿಕೊಂಡು ಮಾತಾಡಬೇಕು. ನಾನು ಅವಳನ್ನು ಅವಳ ಕುರ್ಚಿಯಲ್ಲಿ ಕೂರಿಸಿದೆ. ಅವಳು ನಿಜವಾಗಿಯೂ ಬಂದು ಕುಳಿತಳು. ಎರಡು ಬೆರಳು ಎತ್ತಿದೆ, ದಾರ ಕಟ್ಟಿದೆ, ಕತ್ತರಿಸುವಲ್ಲಿ ಅವಳ ಹಾಗೆಯೇ ಕೈ ನಿಲ್ಲಿಸಿದೆ. ಇಡೀ ಮಂಟಪ ಉಸಿರು ಹಿಡಿದಿತ್ತು. ನನಗೆ ಒಳಗೊಳಗೇ ಖುಷಿಯಾಯಿತು.

ಆಗ ಎರಡನೆಯ ಸಾಲಿನಲ್ಲಿ ದರ್ಜಿ ತನ್ನ ಪಕ್ಕದವನ ಕಡೆ ತಿರುಗಿ ತೋರುಬೆರಳನ್ನು ಎಡಹುಬ್ಬಿನ ಮೇಲೆ ಗೀರಿದ. ಹುಬ್ಬೇರಿಸಿದ. ಅಂದರೆ, ‘ಆಕಿನಾ?’ ಪಕ್ಕದವನು ಅದನ್ನೇ ತನ್ನ ಹುಬ್ಬಿನ ಮೇಲೆ ಗೀರಿ ತಲೆಯಾಡಿಸಿದ. ಅವನ ಪಕ್ಕದವನೂ ಗೀರಿದ. ಮೂರು ಬೆರಳು, ಮೂರು ಹುಬ್ಬು. ಉಳಿದ ಕಿವುಡರು ದೂರದೂರಿನವರು, ಅವರಿಗೆ ಅವಳ ಪರಿಚಯವಿರಲಿಲ್ಲ. ಕೇಳುವವರ ಸಾಲುಗಳಲ್ಲಿ ಯಾರಿಗೂ ಏನೂ ಆಗಿರಲಿಲ್ಲ.

ಉಳಿದದ್ದನ್ನು ಹೇಗೆ ಮುಗಿಸಿದೆನೋ ತಿಳಿಯದು. ನಮ್ಮಲ್ಲಿ ಚಪ್ಪಾಳೆ ತಟ್ಟುವುದಿಲ್ಲ, ಎರಡೂ ಕೈ ಮೇಲೆತ್ತಿ ಅಲ್ಲಾಡಿಸುತ್ತಾರೆ. ಮಂಟಪದ ತುಂಬ ಕೈಗಳು ಅಲ್ಲಾಡಿದವು. ಕಾಕಾ ಕೈ ಶಾಲಿನೊಳಗೇ ಇತ್ತು.

ಕೆಳಗಿಳಿದು ಮೊದಲು ಮೈಕಿನ ಸಹೋದ್ಯೋಗಿಯನ್ನು ಹಿಡಿದೆ. ನಾನು ಹೆಸರು ಹೇಳಿದೆನಾ?

“ಏನೋ ಹುಬ್ಬಿನ ಕಡಿ ಕೈ ಹೋತು ನೋಡು. ಯಾರದೋ ಹೆಸರು ಇರಬೇಕಂತ ನಾ ‘ಒಬ್ಬ ಹೆಣ್ಣುಮಗಳು’ ಅಂತ ದಾಟ್ಸಿಬಿಟ್ಟೆ. ಛಲೋ ಮಾಡ್ದೆನಲ್ಲ?”

ಛಲೋ ಮಾಡಿದ್ದ. ಅವನು ಕಿವಿಯವರ ಪಾಲಿನ ಬಾಗಿಲು ಮುಚ್ಚಿದ್ದ, ನಾನು ಕಣ್ಣಿನವರ ಪಾಲಿನದನ್ನು ಹಾರು ಹೊಡೆದು ತೆರೆದಿದ್ದೆ.

ವಿಡಿಯೋ ಹಿಡಿಯುತ್ತಿದ್ದವನು ಮುಧೋಳದವನು, ಮದುವೆ ವಿಡಿಯೋ ಮಾಡುವವನು. ನನ್ನ ಭಾಗ ತೆಗೆದುಹಾಕಪ್ಪಾ, ಹೆಸರು ಬಂದುಬಿಟ್ಟಿದೆ ಅಂದೆ.

“ಎಲ್ಲಿ ಹೆಸರು ಬಂದದ ಮೇಡಂರೀ? ನಾ ಹೆಡ್‌ಫೋನ್ ಕಿವಿಗೆ ಹಾಕ್ಕೊಂಡು ಪೂರಾ ಕೇಳೀನಿ. ಒಂದು ಹೆಸರೂ ಇಲ್ಲ.”

ತೋರಿಸು ಅಂದೆ. ಕ್ಯಾಮರಾದ ಸಣ್ಣ ಪರದೆಯಲ್ಲಿ ನಾನು ಕಂಡೆ. ಒಮ್ಮೆ ಕೈ ಜಾರಿರಬೇಕು ಎಂದುಕೊಂಡಿದ್ದೆ. ಐದು ಸಲ. ಡಾಕ್ಟರ್ ಅವಳ ಕಡೆ ತಿರುಗಿದಾಗಲೆಲ್ಲ, ನಾನು ಅವಳ ಕಡೆ ತಿರುಗಿದಾಗಲೆಲ್ಲ ನನ್ನ ಬೆರಳು ಹುಬ್ಬಿಗೆ ಹೋಗಿ ಅವಳನ್ನು ಹೆಸರು ಹಿಡಿದು ಕರೆದಿತ್ತು. ಮುಖದ ಮೇಲೆ ಎಂಥ ತೃಪ್ತಿ! ಆ ಮುಖ ನನ್ನದೆಂದು ಒಪ್ಪಿಕೊಳ್ಳಲು ಕಷ್ಟವಾಯಿತು. ಆ ಹುಡುಗ ಪಾಪ, ಅರ್ಥವಾಗದಿದ್ದರೂ ನನ್ನೆದುರೇ ಅಳಿಸಿದ.

ಕಣ್ಣು ನೋಡಿದ್ದನ್ನು ಅಳಿಸುವುದು ಹೇಗೆ? ದರ್ಜಿಯನ್ನು ಹುಡುಕಿಕೊಂಡು ಹೋದೆ. ಗೇಟಿನ ಬಳಿ, ಒಂದು ಸ್ಕೂಟರಿನ ಸೀಟಿಗೆ ಫೋನು ಆನಿಸಿಟ್ಟು ಯಾರೊಂದಿಗೋ ವಿಡಿಯೋ ಕಾಲಿನಲ್ಲಿ ಮಾತಾಡುತ್ತಿದ್ದ. ಬೆನ್ನು ನನ್ನ ಕಡೆಗಿತ್ತು, ಕೈ ಕಾಣಲಿಲ್ಲ. ನಾನು ಮುಂದೆ ಬರುತ್ತಲೇ ಫೋನು ಜೇಬಿಗೆ ಹಾಕಿದ. “ನಾ ಏನೂ ನೋಡಿಲ್ಲಕ್ಕಾರ” ಅಂದ. ನಾನಿನ್ನೂ ಏನನ್ನೂ ಕೇಳಿರಲಿಲ್ಲ.

ಕಾಕಾ ಊಟದ ಪಂಗ್ತಿಯಲ್ಲಿ ಕುಳಿತಿದ್ದರು. ರೊಟ್ಟಿ, ಎಣ್ಣೆಗಾಯಿ ಬಡಿಸಿದ್ದರು, ಮುಟ್ಟಿರಲಿಲ್ಲ. ನಾನು ಎದುರು ನಿಂತು ದರ್ಜಿ ಮತ್ತು ಅವನ ಪಕ್ಕದ ಇಬ್ಬರ ವಿಷಯ ಹೇಳಿದಾಗ ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿಲ್ಲ.

“ಆ ಮೂರೂ ಮಂದಿಗಿ ನಾ ಕುಂದ್ರಿಸಿ ಹೇಳ್ತೀನಿ. ನನ್ನ ಮಾತು ಮೀರಂಗಿಲ್ಲ ಅವರು. ನಾಳಿ ಇಬ್ರೂ ಕೂಡಿ ಆಕಿ ಹಂತ್ಯಾಕ ಹೋಗೋಣು. ಅಂವ ಮನ್ಯಾಗ ಇಲ್ಲದ ಟೈಮು ನೋಡಿ. ಒಂದು ದಿನ ತಡಿ ನೀ.”

“ದರ್ಜಿ ಈಗಾಗ್ಲೇ ಫೋನ್ ಮಾಡ್ಲಿಕತ್ತಿದ್ದ ಕಾಕಾ, ನಾ ನೋಡೀನಿ.”

“ತಡಿ” ಅಂದರು ಮತ್ತೊಮ್ಮೆ.

ನಾನು ತಡೆಯಲಿಲ್ಲ. ಬೇರೆಯವರ ಕೈಯಿಂದ ಗಂಡನಿಗೆ ತಿಳಿಯುವ ಮೊದಲೇ ಅವಳಿಗೆ ತಿಳಿಸಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳಲ್ಲ. ಆದರೆ ಮಾಡಿದ ತಪ್ಪನ್ನು ಎಲ್ಲಾದರೂ ಕಕ್ಕಿಬಿಡಬೇಕಾಗಿತ್ತು, ಅದೂ ನಿಜ. ಚೀಲ ಕುರ್ಚಿಯ ಮೇಲೇ ಬಿಟ್ಟು ಹೊರಟೆ. ರೈಲು ಹೋಗಿಬಿಟ್ಟಿತ್ತು. ಬಸ್ಸಿನಲ್ಲಿ ಚಿತ್ತಾಪುರ, ಅಲ್ಲಿಂದ ಟಂಟಂ ಗಾಡಿ. ರಾವೂರ ಹತ್ತಿರವಾದಂತೆ ತೊಗರಿ ಗಿಡಗಳ ಮೇಲೆಲ್ಲ ಕಲ್ಲಿನ ಬಿಳಿ ಹುಡಿ. ದಾರಿಯುದ್ದಕ್ಕೂ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಕುಳಿತಿದ್ದೆ.

ಅವರ ಮನೆಯ ಬಾಗಿಲ ಹೊರಗೊಂದು ಸ್ವಿಚ್ ಇದೆ, ಒತ್ತಿದರೆ ಒಳಗೆ ಬಲ್ಬು ಮಿಣುಕುತ್ತದೆ. ಒತ್ತಿದೆ. ಅವಳು ಬಾಗಿಲು ತೆರೆದು, ಮುಖ ಅರಳಿಸಿ, ಮಣಿಕಟ್ಟಿನ ಮೇಲೆ ಎರಡು ಸಲ ಬಡಿದು ನನ್ನ ಹೆಸರು ಕರೆದಳು. “ಬಾ ಅಕ್ಕಾ, ಕುಂದ್ರು. ಚಾ ಇಡ್ತೀನಿ.” ಗಂಡ ಒಳಗೇ ಇದ್ದ. ಆಗಷ್ಟೇ ಕೆಲಸದಿಂದ ಬಂದು ಕಾಲು ತೊಳೆದಿದ್ದ. ಅವನ ಫೋನು ಗೂಡಿನಲ್ಲಿ ಚಾರ್ಜಿಗಿತ್ತು.

ಕಿವುಡರ ಮನೆಯಲ್ಲಿ ಪಿಸುಮಾತಿಲ್ಲ. ಕೋಣೆಯ ಆ ಮೂಲೆಯಲ್ಲಿ ಕೈ ಆಡಿಸಿದರೂ ಈ ಮೂಲೆಗೆ ಕಾಣುತ್ತದೆ. ನಾನು ಒಲೆಯ ಬಳಿಗೆ ಹೋಗಿ, ಅವನಿಗೆ ಬೆನ್ನು ಮಾಡಿ, ಕೈಗಳನ್ನು ಎದೆಗೆ ಅಂಟಿಸಿಕೊಂಡು ಸಣ್ಣದಾಗಿ ಹೇಳಿದೆ. ಎಲ್ಲಿ, ಯಾರ ಮುಂದೆ, ಎಷ್ಟು ಸಲ. ಚಹಾ ಉಕ್ಕಿ ಒಲೆಗೆ ಬಿತ್ತು. ಅವಳು ಒಲೆ ಆರಿಸಿದಳು.

“ಮಂದಿಗಿ ಹೆಂಗ್ ಹೇಳ್ದಿ, ಹಂಗೇ ಹೇಳಿ ತೋರ್ಸು” ಅಂದಳು.

ಮಾಡಿ ತೋರಿಸಿದೆ. ಕತ್ತರಿಸುವಲ್ಲಿ ಕೈ ನಿಲ್ಲಿಸಿದ್ದನ್ನೂ ತೋರಿಸಿದೆ. ಅದನ್ನು ಮುಚ್ಚಿಡುವ ಧೈರ್ಯ ಬರಲಿಲ್ಲ. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು, ಯಾರದೋ ಮನೆಯಲ್ಲಿ ತನ್ನ ಸೀರೆ ಒಣಹಾಕಿದ್ದನ್ನು ಕಂಡವಳ ಹಾಗೆ.

“ನಾ ಅವಗ ಹೇಳಾಕಿ ಇದ್ದೆ” ಅಂದಳು. “ನನ್ನ ಕೈಲೇ. ಎರಡು ವರ್ಷ ಆತು, ದಿನಾ ಕಲ್ಲಿನ ಮುಂದ ನಿಂತು ಮಾತು ಜೋಡಿಸ್ಕೊಳ್ಳಾಕತ್ತೀನಿ. ಇನ್ನಾ ಪೂರಾ ಆಗಿರ್ಲಿಲ್ಲ.”

ಅಷ್ಟರಲ್ಲಿ ಗಂಡ ಎದ್ದು ಬಂದಿದ್ದ. ಹೆಂಡತಿಯ ಮುಖ ನೋಡಿ, ನನ್ನ ಮುಖ ನೋಡಿ, ಏನು ಅಂದ. ಅವಳು ಒಂದು ಕ್ಷಣ ಕಣ್ಣು ಮುಚ್ಚಿದಳು. ಆಮೇಲೆ ನನಗೆ, ಗೋಡೆಯ ಕಡೆ ತಿರುಗು ಅಂದಳು. ನಮ್ಮಲ್ಲಿ ಬಾಗಿಲು ಮುಚ್ಚುವುದೆಂದರೆ ಅದೇ.

ತಿರುಗಿದೆ. ಆದರೆ ಬಾಗಿಲು ಪಡುವಣಕ್ಕಿತ್ತು. ಇಳಿಬಿಸಿಲು ನೇರ ಒಳಗೆ ಬಂದು ಅವಳ ಕೈಗಳ ನೆರಳನ್ನು ನನ್ನೆದುರಿನ ಗೋಡೆಯ ಮೇಲೆ ಬೀಳಿಸಿತ್ತು. ಎರಡು ಬೆರಳು ಏಳುವುದು ಕಂಡಿತು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೆ. ನನ್ನ ಕಿವಿಯನ್ನು ಏನು ಮಾಡಲಿ? ಮಾತಾಡುವಾಗ ತಮ್ಮಿಂದ ಎಷ್ಟು ಸದ್ದು ಹೊರಡುತ್ತದೆ ಎಂದು ಕಿವುಡರಿಗೆ ತಿಳಿಯದು. ಅಂಗೈ ಅಂಗೈಗೆ ಬಡಿದದ್ದು, ಬಳೆ, ಏರುವ ಉಸಿರು. ಈ ಸಲ ಅವಳ ಕೈ ನಿಲ್ಲಲಿಲ್ಲ, ಬಳೆಯ ಸದ್ದು ಕಡೆಯವರೆಗೂ ನಡೆಯಿತು. ಆಮೇಲೆ ಅವನ ಗಂಟಲಿನಿಂದ ಒಂದು ಸದ್ದು. ನನ್ನ ಅಪ್ಪನ ಬಾಯಿಂದ ಅಂಥದನ್ನು ಒಂದೇ ಸಲ ಕೇಳಿದ್ದೆ, ಅವ್ವ ತೀರಿಕೊಂಡ ದಿನ. ಅವಳಿಗೆ ಅದು ಕೇಳಿಸಲಿಲ್ಲ. ಅವಳ ಗಂಡನ ಆ ಸದ್ದು ಈಗ ನನ್ನ ಬಳಿ ಮಾತ್ರ ಇದೆ.

ಭುಜದ ಮೇಲೆ ಕೈ ಬಿತ್ತು. ತಿರುಗಿದೆ. ಅವನು ಹಿತ್ತಿಲ ಬಾಗಿಲಲ್ಲಿ ನಮಗೆ ಬೆನ್ನು ಮಾಡಿ ಕುಳಿತಿದ್ದ. ಅವಳ ಕಣ್ಣು ಒಣಗಿತ್ತು. “ನೀ ಹೋಗು, ದುಭಾಷಿ” ಅಂದಳು. ಅಕ್ಕ ಅನ್ನಲಿಲ್ಲ. ಮಣಿಕಟ್ಟು ಮುಟ್ಟಲಿಲ್ಲ.

ಸಮಾವೇಶದ ಎರಡನೆಯ ದಿನಕ್ಕೆ ನಾನು ಹೋಗಲಿಲ್ಲ. ಮುಂದಿನ ಭಾನುವಾರ ಮೇಲ್ಸೇತುವೆಯ ಕೆಳಗೆ ದರ್ಜಿಯನ್ನು ಕಂಡೆ. ಅವನು ಆ ದಿನ ಫೋನಿನಲ್ಲಿ ಮಾತಾಡಿದ್ದು ಹೆಂಡತಿಯ ಜೊತೆಗಂತೆ, ಗಿರಾಕಿಯೊಬ್ಬಳ ಕುಪ್ಪಸದ ಅಳತೆ ಕೇಳಲು. ಗೆಳೆಯನಿಗೆ ಹೇಳುವ ಮನಸ್ಸು ತನಗಿರಲೇ ಇಲ್ಲ ಅಂದ. ಕಾಕಾ ಕುಂದ್ರಿಸಿ ಹೇಳಿದ ಮೇಲೆ ಉಳಿದ ಇಬ್ಬರೂ ಬಾಯಿ ಬಿಟ್ಟಿಲ್ಲ ಅಂದ. ಒಂದು ದಿನ ತಡೆದಿದ್ದರೆ ಅವಳು ತನ್ನ ಮಾತನ್ನು ಪೂರಾ ಜೋಡಿಸಿಕೊಳ್ಳುತ್ತಿದ್ದಳೋ, ಅಥವಾ ಇಂದಲ್ಲ ನಾಳೆ ಯಾರದೋ ಕೈ ಜಾರುತ್ತಿತ್ತೋ, ನನಗೆ ಗೊತ್ತಿಲ್ಲ. ಎರಡನ್ನೂ ತೂಗಿ ನೋಡುವುದು ಇನ್ನೂ ಬಿಟ್ಟಿಲ್ಲ.

ಗಂಡ ಒಂದು ತಿಂಗಳು ಗುಂಡಗುರ್ತಿಯಲ್ಲಿ ತಾಯಿಯ ಮನೆಯಲ್ಲಿದ್ದ. ಆಮೇಲೆ ಒಬ್ಬನೇ ವಾಪಸು ಬಂದ. ಎರಡನೆಯ ಮದುವೆಯ ಮಾತು ನಿಂತಿದೆಯಂತೆ. ಇಬ್ಬರೂ ಮತ್ತೆ ಒಂದೇ ಗಾಡಿಯ ಮೇಲೆ ಕೆಲಸಕ್ಕೆ ಹೋಗುವುದನ್ನು ನೋಡಿದವರಿದ್ದಾರೆ. ನಾನು ನೋಡಿಲ್ಲ. ನಾನು ಮೇಲ್ಸೇತುವೆಯ ಕೆಳಗೆ ಹೋಗುವ ಭಾನುವಾರಗಳಲ್ಲಿ ಅವರು ಬರುವುದಿಲ್ಲ. ಈಗ ನಾನು ಯಾವ ವೇದಿಕೆಯನ್ನೂ ಹತ್ತುವುದಿಲ್ಲ. ಕೆಲಸಕ್ಕೆ ಹೋಗುತ್ತೇನೆ, ಆದರೆ ಡಾಕ್ಟರ ಎದುರು ಯಾವ ಹೆಣ್ಣುಮಗಳನ್ನು ಕೂರಿಸಿದರೂ ನನ್ನ ಬೆರಳು ಎಡಹುಬ್ಬಿನ ಕಡೆ ಒಂದಿಷ್ಟು ಏಳುತ್ತದೆ. ಹಿಡಿದು ಇಳಿಸುತ್ತೇನೆ.

ಇದನ್ನು ಬರೆಯುವ ಮೊದಲು ಈ ಸಲ ಕೇಳಿದೆ. ನೇರ ಕೇಳುವ ಮುಖವಿರಲಿಲ್ಲ, ಕಾಕಾ ಕೈಯಲ್ಲಿ ಹೇಳಿ ಕಳಿಸಿದೆ. ಎರಡು ವಾರದ ನಂತರ ಉತ್ತರ ತಂದರು.

“ಬರೀಲಿ ಅಂದಾಳ. ಎಡಹುಬ್ಬು ಅಂತನೂ ಬರೀಲಿ. ಆ ಹೆಸರು ಈಗ ಯಾರದೂ ಅಲ್ಲಂತ.”

“ಅಂದ್ರ?”

“ತಿರುಗಿ ಕೊಟ್ಟು ಹೋದಳು. ಹೊಸಾದು ಕೇಳಿದ್ಲು, ಕೊಟ್ಟೀನಿ.”

ಏನು ಕೊಟ್ಟಿರಿ ಕಾಕಾ, ಅಂತ ಕೇಳಿದೆ. ಕೇಳಿದ್ದೇ ತಪ್ಪು ಎಂದು ಕೇಳಿದ ಮೇಲೆ ತಿಳಿಯಿತು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಎರಡೂ ಕೈಗಳನ್ನು ಶಾಲಿನೊಳಗೆ ಎಳೆದುಕೊಂಡರು.